ಗಾಡಿ ಹೊಡೆಯುವವಳ ತಪ್ಪು

ಕಾರು ರಸ್ತೆಯಲ್ಲಿ ಕೆಟ್ಟು ನಿಂತರೆ ನಮ್ಮ ಕಡೆಯ ಜನ ಮೊದಲು ಎಂಜಿನ್ ನೋಡುವುದಿಲ್ಲ, ಸ್ಟೇರಿಂಗಿನ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾರೆ. ಗಂಡಸಿದ್ದರೆ "ಗಾಡಿ ಹಳೇದ ಆಗೇತ್ರಿ" ಎಂದು ಅವನ ಮೇಲೆ ಮರುಕಪಡುತ್ತಾರೆ. ಹೆಂಗಸಿದ್ದರೆ ಅದೇ ಹಳೇ ಗಾಡಿ ಕ್ಷಣದಲ್ಲಿ ಹೊಸದಾಗಿಬಿಡುತ್ತದೆ, ತಪ್ಪೆಲ್ಲ ಅವಳ ಕೈಕಾಲಿಗೆ ಬರುತ್ತದೆ. ಶಿವರಾತ್ರಿ ಹಬ್ಬದ ಬೆನ್ನಿಗೇ ಧುಪದಾಳದ ಹತ್ತಿರ ನನ್ನ ಕಾರು ಗಕ್ಕನೆ ನಿಂತಾಗ, ಹಿಂದೆ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನವನು ಕೂತಲ್ಲಿಂದಲೇ ಕೂಗಿದ: "ಬಾಯಾರ, ಕ್ಲಚ್ ಮ್ಯಾಲಿನ ಕಾಲ ತಗೀರಿ!" ನಾನು ಆಗ ಕಾರಿನಿಂದ ಇಳಿದು ರಸ್ತೆಯ ಮೇಲೆ ನಿಂತಿದ್ದೆ.

ಅದು ಮೂರನೆಯ ಸಲ. ದೀಪಾವಳಿ ಮುಗಿದ ಮೇಲೆ ಒಮ್ಮೆ ಹೀಗೇ ನಿಂತಿತ್ತು, ಎಳ್ಳಮಾವಾಸ್ಯೆಯ ಆಚೆ ಇನ್ನೊಮ್ಮೆ. ಪ್ರತಿ ಸಲವೂ ಹಗ್ಗ ಕಟ್ಟಿ ಎಳೆಸಿಕೊಂಡು ಗೋಕಾಕಕ್ಕೆ ಬಂದದ್ದು, ಪ್ರತಿ ಸಲವೂ ನಮ್ಮ ಓಣಿಯ ಮಂದಿಯೆಲ್ಲ ಹೊರಗೆ ಬಂದು ನೋಡಿದ್ದು. ಆ ಹಗ್ಗದ ಹಿಂದೆ ಸ್ಟೇರಿಂಗ್ ಹಿಡಿದು ಕೂತವಳ ಮರ್ಯಾದೆ ಏನಾಗುತ್ತದೆ ಎಂದು ಕೂತವಳಿಗೇ ಗೊತ್ತು.

ನಾನು ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಗೋಕಾಕದಲ್ಲಿ. ಎಷ್ಟೋ ವರ್ಷ ಬಸ್ಸು ಹಿಡಿದು ಘಟಪ್ರಭಾದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಅದರಲ್ಲಿ ಜೋತುಬಿದ್ದು ಹೋಗಿ ಬಂದವಳು. ಮನೆಯಲ್ಲಿ ಕಾರು ಇತ್ತು. ಆದರೆ ಅದು ಬೇವಿನ ಗಿಡದ ಕೆಳಗೆ ಹೊದಿಕೆ ಹೊದ್ದು ಮಲಗಿರುತ್ತಿತ್ತು. ನಮ್ಮ ಯಜಮಾನರಿಗೆ ಪುರುಸೊತ್ತಾದಾಗ ಏಳಬೇಕು, ಅವರಿಗೆ ಮನಸ್ಸಾದ ಕಡೆ ಹೋಗಬೇಕು. ನನ್ನ ತವರು ಮೂಡಲಗಿ ಏನು ದೂರವೇ? ಆದರೂ ತವರಿಗೆ ಹೋಗಲು ವಾರಗಟ್ಟಲೆ ಇವರ ಮುಖ ನೋಡುತ್ತಿದ್ದೆ. ಕೂದಲು ನೆರೆಯತೊಡಗಿದ ಮೇಲೆ ಒಂದು ದಿನ ತಲೆ ಕೆಟ್ಟು, ಹಟ ಹಿಡಿದು ಕಾರು ಹೊಡೆಯಲು ಕಲಿತೆ. ಅಂದಿನಿಂದ ನಾನು ಯಾರ ಪುರುಸೊತ್ತಿಗೂ ಕಾಯ್ದಿಲ್ಲ. ಬೇರೆಯವರಿಗೆ ಇದು ಸಣ್ಣ ಮಾತು, ನನಗಲ್ಲ.

ನಮ್ಮ ಅತ್ತೆಗೆ ಮೊದಲಿನಿಂದಲೂ ಇದು ಹಿಡಿಸಲಿಲ್ಲ. "ಹೆಣ್ಮಗಳು ಗಾಡಿ ಹೊಡದ್ರ ಮಂದಿ ಏನಂದಾರು?" ಎಂದು ಮೊದಲ ದಿನವೇ ರಾಗ ತೆಗೆದಿದ್ದರು. ಆಮೇಲೆ ಬಾಯಿ ಬಿಟ್ಟು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ದಿನಾ ಬೆಳಿಗ್ಗೆ ನಾನು ಕಾರು ಹೊರಗೆ ತೆಗೆಯುವ ಹೊತ್ತಿಗೆ ಕಟ್ಟೆಯ ಮೇಲೆ ಬಂದು ನಿಂತು, ನನ್ನ ಕಡೆ ನೋಡದೆ ಎದುರು ಮನೆಯ ಗೋಡೆಯನ್ನು ನೋಡುತ್ತ "ಸಾವಕಾಶ ಹೋಗು" ಅನ್ನುತ್ತಿದ್ದರು. ಅದನ್ನು ನಾನು ಬೈಗುಳ ಎಂದೇ ಲೆಕ್ಕ ಹಾಕಿಕೊಂಡಿದ್ದೆ.

ಮೂರನೆಯ ಸಲ ಹಗ್ಗದಲ್ಲಿ ಬಂದ ಸಂಜೆ ಯಜಮಾನರು ಚಹಾ ಕುಡಿಯುತ್ತ ತೀರ್ಪು ಕೊಟ್ಟರು. "ಹುಕ್ಕೇರ್ಯಾಗ ಒಬ್ಬಾಂವ ಹಳೇ ಗಾಡಿ ತಗೋತಾನ. ಅವಗ ಹೇಳಿಬಿಟ್ಟೇನಿ. ಯುಗಾದಿ ರವಿವಾರ ಬಂದೈತಿ, ಅವತ್ತ ಮುಂಜಾನೆ ಬಂದ ನೋಡಕೊಂಡ ಹೋಗತಾನ."

"ಯಾರನ್ನ ಕೇಳಿ ಹೇಳಿದ್ರಿ?"

"ದಾರ್ಯಾಗ ನಿಲ್ಲೂ ಗಾಡಿ ಇಟಗೊಂಡ ಏನ್ ಪೂಜಾ ಮಾಡೂದೈತಿ? ನಿನಗರ ನೆಟ್ಟಗ ಹೊಡಿಯಾಕ ಬರಬೇಕಲ್ಲ."

ಅಡುಗೆಮನೆಯಿಂದ ಅತ್ತೆ ದನಿಗೂಡಿಸಿದರು. "ಮಾರಿ ಬಿಡಪಾ. ಮೊದಲ ಅದನ್ನ ಮನಿಂದ ಹೊರಗ ಹಾಕು. ಪೀಡಾ ಅದು!"

ತಾಯಿ ಮಗ ಇಬ್ಬರೂ ಒಂದೇ ಮಾತಿಗೆ ಬಂದದ್ದನ್ನು ಆ ಮನೆಯಲ್ಲಿ ನಾನು ಅಂದೇ ನೋಡಿದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು.

ಗ್ಯಾರೇಜಿನ ಮಿಸ್ತ್ರಿ ತನ್ನ ಪುಟ್ಟ ಯಂತ್ರವನ್ನು ಕಾರಿಗೆ ಚುಚ್ಚಿ ನೋಡಿ, ಕ್ಯಾಮ್ ಸೆನ್ಸರ್ ಮತ್ತೆ ಹೋಗಿದೆ ಎಂದ. ದೀಪಾವಳಿಯ ಮೇಲೊಂದು, ಎಳ್ಳಮಾವಾಸ್ಯೆಯ ಆಚೆ ಇನ್ನೊಂದು ಅವನೇ ಹೊಸದು ಹಾಕಿದ್ದ. ಎಂಜಿನ್ನಿನ ತಲೆಯೊಳಗೆ ತಿರುಗುವ ದಂಡವೊಂದಿದೆ. ಅದು ಈ ಗಳಿಗೆಯಲ್ಲಿ ಎಲ್ಲಿದೆ ಎಂದು ಗಾಡಿಯ ಕಂಪ್ಯೂಟರಿಗೆ ಹೇಳುತ್ತಿರುವುದು ಈ ಸೆನ್ಸರಿನ ಕೆಲಸ. ಇದು ಬಾಯಿ ಮುಚ್ಚಿದರೆ ಯಾವಾಗ ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹೊತ್ತಿಸಬೇಕು ಎಂದು ತಿಳಿಯದೆ ಗಾಡಿ ನಿಂತುಬಿಡುತ್ತದೆ. ಇಷ್ಟನ್ನು ಅವನು ನನಗೆ ಹೇಳಲಿಲ್ಲ, ನಾನೇ ಓದಿಕೊಂಡದ್ದು. ನಾನು ಎದುರಿಗೆ ಕಂಬದಂತೆ ನಿಂತಿದ್ದರೂ ಅವನು ಮಾತಾಡಿದ್ದು ನಮ್ಮ ಯಜಮಾನರ ಜೊತೆ. "ಹೊಸಾದ ಹಾಕಿದ್ನಲ್ರಿ ಸರ. ಹಾಕಿದ್ದ ಹಾಕಿದ್ದ ಹೋಗತಾವ ಅಂದ್ರ... ಬಾಯಾರು ರೇಸ್ ಭಾಳ ಕೊಡತಾರೇನು?" ಆಮೇಲೆ, ಈಗ ಮದುವೆಗಳ ಗದ್ದಲ, ಬಾಡಿಗೆ ಗಾಡಿಗಳೇ ಸಾಲುಗಟ್ಟಿವೆ, ಯುಗಾದಿ ಆದ ಮೇಲೆ ನೋಡೋಣ ಎಂದ.

"ನೀವೇನೂ ನೋಡೂದ ಬ್ಯಾಡ್ರಿ. ನಾನ ಹಾಕೋತೀನಿ" ಅಂದೆ. ಇಬ್ಬರೂ ನಕ್ಕರು. ಒಂದು ಬೋಲ್ಟು, ಒಂದು ಕ್ಲಿಪ್ಪು, ಅಷ್ಟೇ ಕೆಲಸ. ಹೊಲಿಗೆ ಮಷೀನು ಬಿಚ್ಚಿ ಜೋಡಿಸುವ ಹೆಂಗಸರಿಗೆ ಇದೇನು ಮಹಾ? ಕಾರನ್ನು ಮತ್ತೆ ಹಗ್ಗ ಕಟ್ಟಿ ಮನೆಗೆ ಎಳೆಸಿಕೊಂಡು ಬಂದೆವು.

ಗೋಕಾಕದ ಅಂಗಡಿಗಳಲ್ಲಿ ಈ ಹಳೇ ಕಾರಿನ ಸೆನ್ಸರು ಸಿಗಲಿಲ್ಲ. ಮೂಡಲಗಿಯಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿ, ಹಳೇ ಗಾಡಿಗಳ ಸಾಮಾನು ಮಾರುವವರ ಹತ್ತಿರ ಹುಡುಕು ಎಂದೆ. ಅವನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ. ಬಿಚ್ಚಿ ನೋಡಿದರೆ ಕಾರು ಹಿಂದಕ್ಕೆ ಬರುವಾಗ ಪೀಂ ಪೀಂ ಅನ್ನುವ ಸೆನ್ಸರು!

"ಅಕ್ಕಾ, ಸೆನ್ಸರ್ ಅಂದ್ರ ಅದ ಅಲ್ಲಾ? ನೀ ಗಾಡಿ ಹಿಂದ ತಗೋಳೂವಾಗ ಗ್ವಾಡಿಗೆ ಬಡದೀಯೇನೋ ಅಂತ ತಿಳಕೊಂಡ್ನಿ."

"ನಿನ್ನ ತಲಿಗೆ ಬಡೀತೀನಿ ನಾ ಈಗ. ಅಲ್ಲೇ ನಿಂದ್ರು, ನಾನ ಬರತೀನಿ."

ಒಡಹುಟ್ಟಿದವನೂ ನನ್ನ ಕೈಯನ್ನೇ ಅನುಮಾನಿಸಿದ ಮೇಲೆ ಯಾರಿಗೆ ಹೇಳಿಕೊಳ್ಳಲಿ? ಸಾಲೆ ಬಿಟ್ಟ ಮೇಲೆ ಹುಕ್ಕೇರಿಯಿಂದ ಗೋಕಾಕ, ಗೋಕಾಕದಿಂದ ಮೂಡಲಗಿ, ಎಲ್ಲಾ ಬಸ್ಸಿನಲ್ಲೇ. ಅರಭಾವಿಯಲ್ಲಿ ಕಾಲೇಜಿನ ಹುಡುಗ ಹುಡುಗಿಯರ ಹಿಂಡು ಹತ್ತಿತು. ಒಂದು ಕಾಲಿನ ಮೇಲೆ ನಿಂತು, ಯಾರದೋ ಬ್ಯಾಗಿನ ಬಕ್ಕಲ್ಲು ಬೆನ್ನಿಗೆ ಒತ್ತಿಸಿಕೊಂಡು ಹೋಗುತ್ತ, ಕಾರು ಮಾರಿದರೆ ಇನ್ನು ರಿಟೈರ್ ಆಗುವವರೆಗೂ ಇದೇ ನನ್ನ ಪಾಡು ಎಂದು ನೆನೆದು ಕಣ್ಣಲ್ಲಿ ನೀರು ಬಂತು. ಮೂಡಲಗಿಯಲ್ಲಿ ತಮ್ಮನನ್ನು ಜೊತೆಗೆ ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗಿ, ಹಳೇ ಸೆನ್ಸರಿನ ಫೋಟೋ ತೋರಿಸಿ, ಕಡೆಗೂ ಸರಿಯಾದದ್ದನ್ನು ತಂದೆ.

ಅದು ಕೈಗೆ ಬಂದ ಮರುದಿನ ಶನಿವಾರ, ಯುಗಾದಿಯ ಹಿಂದಿನ ದಿನದ ಅಮಾವಾಸ್ಯೆ. ಹುಕ್ಕೇರಿಯವನು ರವಿವಾರ, ಯುಗಾದಿಯ ಬೆಳಿಗ್ಗೆ ಬರುವವನಿದ್ದ. ಶನಿವಾರ ಬೆಳಗಿನ ಸಾಲೆ. ಮಧ್ಯಾಹ್ನ ಮನೆಗೆ ಬಂದವಳೇ ಸೆರಗು ಸಿಕ್ಕಿಸಿ, ಬೇವಿನ ಗಿಡದ ಕೆಳಗೆ ಬಾನೆಟ್ ಎತ್ತಿದೆ.

ಅಮಾವಾಸ್ಯೆಗೆ ನಮ್ಮಲ್ಲಿ ಗಾಡಿಗಳಿಗೆ ಪೂಜೆ ಇದ್ದೇ ಇದೆ. ಯಜಮಾನರು ಬೆಳಿಗ್ಗೆ ಕಾರು ತೊಳೆದು, ಬಾನೆಟ್ ಎತ್ತಿಕೊಟ್ಟು ಪೇಪರ್ ಓದಲು ಹೋಗುತ್ತಾರೆ, ಅತ್ತೆ ಪೂಜೆ ಮಾಡುತ್ತಾರೆ. ನಾನು ಆ ಹೊತ್ತಿಗೆ ಒಳಗೆ ಡಬ್ಬಿ ಕಟ್ಟಿಕೊಳ್ಳುವ ಗಡಿಬಿಡಿಯಲ್ಲಿರುತ್ತೇನೆ. ಸ್ಟೇರಿಂಗಿಗೆ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಇಷ್ಟು ಕಂಡರೆ ಪೂಜೆ ಆಯಿತು ಎಂದು ತಿಳಿದು ಹೊರಡುತ್ತೇನೆ. ಅವತ್ತು ಮಾತ್ರ ಅತ್ತೆ ಬೆಳಿಗ್ಗೆ ಪೂಜೆ ಮಾಡಿರಲಿಲ್ಲ. "ಸತ್ತ ಗಾಡಿಗೆ ಎಂಥಾ ಪೂಜಾ? ಚಾಲೂ ಆದ್ರ ಮಾಡೂಣು" ಎಂದು ತೆಂಗಿನಕಾಯಿ ತೆಗೆದಿಟ್ಟು ಕಟ್ಟೆಯ ಮೇಲೆ ಕೂತಿದ್ದರು. ಗಾಡಿ ಏಳುವುದಿಲ್ಲ ಎಂದು ನೋಡಲು ಕೂತಿದ್ದಾರೆ ಅಂದುಕೊಂಡೆ.

ಯಜಮಾನರು ಸಹಾಯಕ್ಕೆ ನಿಂತರು. ಸಹಾಯ ಅಂದರೆ ಮೊಬೈಲಿನಲ್ಲಿ ಹಿಂದಿಯ ವಿಡಿಯೋ ಹಚ್ಚಿ, ಅದರಲ್ಲಿನವನು ಹೇಳಿ ಮುಗಿಸಿದ ಮೇಲೆ ಅದನ್ನೇ ನನಗೆ ಹೇಳುವುದು. ಸೆನ್ಸರು ಎಂಜಿನ್ನಿನ ತಲೆಯ ಮೇಲೆ ಒಂದು ಕಡೆ, ಹೆಬ್ಬೆರಳಿಗಿಂತ ದಪ್ಪಗೆ, ಕಪ್ಪಗೆ, ಗುಂಡು ತಲೆ ಎತ್ತಿಕೊಂಡು ನಿಂತಿದೆ. ಅದರ ಪಕ್ಕಕ್ಕೆ ವೈರಿನ ಕ್ಲಿಪ್ಪು. ಕ್ಲಿಪ್ಪು ಒತ್ತಿದೆ, ಬರಲಿಲ್ಲ. ಎಳೆದೆ, ಬರಲಿಲ್ಲ. ಬೆಲ್ಲದ ಪಾಕ ಸುರಿದಂತೆ ಅಂಟಿಕೊಂಡಿತ್ತು. ಕಡೆಗೆ ಕಿತ್ತು ಬಂದಾಗ ಒಳಗಿನಿಂದ ಇರುವೆಗಳು ಸಾಲಾಗಿ ಹೊರಟವು.

"ನೋಡ್ರಿ! ಗಾಡ್ಯಾಗ ಕರದಂಟ ಇಡಬ್ಯಾಡ್ರಿ ಅಂತ ಎಷ್ಟ ಸಲಾ ಬಡಕೊಂಡೇನಿ!"

"ಕರದಂಟ ನಾ ಡಬ್ಬ್ಯಾಗ ಇಟ್ಟೇನಿ, ಸೀಟಿನ ಮುಂದ. ಇಂಜಿನ್ದಾಗ ಕೂತ ತಿಂತೀನೇನ ನಾ?"

ಕ್ಲಿಪ್ಪಿನ ತಾಮ್ರಕ್ಕೆಲ್ಲ ಹಸಿರು ಕಿಲುಬು. ಸೆನ್ಸರಿನ ಗುಂಡು ತಲೆಯ ಮೇಲೆ ಬೆಳ್ಳಗೆ ಪುಡಿ ಹತ್ತಿ ಗಟ್ಟಿಯಾಗಿತ್ತು. ಅದು ಬ್ಯಾಟರಿಯ ಆಸಿಡ್ ಎಂದು ಯಜಮಾನರು ಸಾಧಿಸಿದರು. ಬ್ಯಾಟರಿ ಇರುವುದು ಆ ತುದಿಗೆ, ಆಸಿಡ್ ಇಲ್ಲಿಗೆ ಹಾರಿ ಬಂತೇ ಎಂದು ನಾನು ಸಾಧಿಸಿದೆ. ಜಗಳ ಮುಗಿಯುವುದರೊಳಗೆ ಬೋಲ್ಟು ಕಾಣೆಯಾಯಿತು. ಇಬ್ಬರೂ ಕಾರಿನ ಕೆಳಗೆ ಮಲಗಿ, ಕೋಲು ಹಾಕಿ, ಮಣ್ಣು ಜಾಲಾಡಿ, ಒಬ್ಬರನ್ನೊಬ್ಬರು ಬೈದುಕೊಂಡು ಸುಸ್ತಾದ ಮೇಲೆ ಅದು ಸಿಕ್ಕಿದ್ದು ಅವರ ಅಂಗಿಯ ಕಿಸೆಯಲ್ಲಿ. "ಕಳೀಬಾರದಂತ ಜ್ವಾಕ್ಯಾಗಿ ಇಟಗೊಂಡಿದ್ನಿ" ಅಂದರು. ಅಯ್ಯ ಶಿವನೇ, ಇಂಥವರನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ್ದೇನಲ್ಲ!

"ರಬ್ಬರ್ ರಿಂಗಿಗೆ ಜರಾ ಎಣ್ಣಿ ಹಚ್ಚಬೇಕಂತ" ಎಂದು ವಿಡಿಯೋ ನೋಡಿ ಹೇಳಿ ಒಳಗೆ ಹೋದರು. ತಂದದ್ದು ಬಟ್ಟಲಲ್ಲಿ ಶೇಂಗಾ ಎಣ್ಣೆ.

"ಇದೇನ ಬದನಿಕಾಯಿ ಎಣ್ಣಗಾಯಿ ಅಂತ ಮಾಡೀರೇನ್ರಿ? ಇಂಜಿನ್ ಆಯಿಲ್ ತರ್ರಿ!"

"ಎಣ್ಣಿ ಅಂದ್ರ ಎಣ್ಣಿ. ಅಂವ ಹಿಂದ್ಯಾಗ ತೇಲ್ ಅಂದಾನ."

ಎಂಜಿನ್ನಿನದೇ ಎಣ್ಣೆಯನ್ನು ಅಳತೆಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ಹಚ್ಚಿದೆ. ಕ್ಲಿಪ್ಪನ್ನು ಹಳೇ ಟೂತ್‌ಬ್ರಶ್ಶಿನಿಂದ ಫಳಫಳ ಅನ್ನುವಂತೆ ತಿಕ್ಕಿದೆ. ಹೊಸ ಸೆನ್ಸರು ಟಕ್ಕೆಂದು ಕೂತಿತು, ಬೋಲ್ಟು ಬಿಗಿಯಾಯಿತು. ಕೀಲಿ ತಿರುಗಿಸಿದೆ. ಒಂದು ಸಲ ಗೊರಗೊರ ಅಂತು, ಎರಡನೆಯ ಸಲಕ್ಕೆ ಕಾರು ಎದ್ದು ನಿಂತು ಹಾಡತೊಡಗಿತು. ನನ್ನ ಖುಷಿಗೆ ಹಾರ್ನ್ ಒತ್ತಿಬಿಟ್ಟೆ. ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಬರಲಿ, ಈಗ ನೋಡಲಿ!

"ನಾಳಿಗೆ ಚಾಲೂ ಗಾಡಿನ ತೋರಸಬೌದ ಬಿಡು. ಛಲೋ ಆತು" ಅಂದರು ಯಜಮಾನರು. ಅವರಿಗೆ ಉತ್ತರ ಕೊಟ್ಟರೆ ನಾಲಿಗೆ ಎಲ್ಲಿಗೆ ಹೋದೀತೋ ಎಂದು ಕಾರು ಬಂದ್ ಮಾಡಿ, ಕೈತುಂಬ ಹತ್ತಿದ ಕರಿಯನ್ನು ತೊಳೆಯಲು ಹಿತ್ತಲಿಗೆ ಹೋದೆ. ಇಷ್ಟೆಲ್ಲ ಮಾಡಿ ನಾನು ಆ ಹುಕ್ಕೇರಿಯವನಿಗೆ ಗಾಡಿ ರಿಪೇರಿ ಮಾಡಿಕೊಟ್ಟಂತಾಯಿತಲ್ಲ ಎಂದು ಸಿಟ್ಟಿನಲ್ಲಿ ಕೈಯನ್ನೇ ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡೆ.

ತಿರುಗಿ ಬಂದರೆ ಬಾನೆಟ್ ಇನ್ನೂ ಎತ್ತಿಯೇ ಇತ್ತು. ಅತ್ತೆ ಅದರ ಮುಂದೆ ನಿಂತಿದ್ದರು. ಹೊಸ ಸೆನ್ಸರಿನ ಗುಂಡು ತಲೆಗೆ ಮೂರು ಬೆರಳಿನ ವಿಭೂತಿ ಎಳೆದಾಗಿತ್ತು, ಪಕ್ಕದಲ್ಲಿ ಊದಿನಕಡ್ಡಿ ಸಿಕ್ಕಿಸಿದ್ದಾಗಿತ್ತು. ಒಡೆದ ತೆಂಗಿನಕಾಯಿಯ ಹೋಳನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ಅದರೊಳಗಿನ ನೀರನ್ನು ಸರಿಯಾಗಿ ಆ ಸೆನ್ಸರಿನ ತಲೆಯ ಮೇಲೆ ಎರೆಯುತ್ತಿದ್ದರು.

"ಅತ್ತೀ!" ನಾನು ಕೂಗಿದ್ದಕ್ಕೆ ಬೇವಿನ ಗಿಡದ ಕಾಗೆಗಳು ಎದ್ದವು. "ಏನ್ ಮಾಡಾಕತ್ತೀರಿ? ನೀರ ಹಾಕಬ್ಯಾಡ್ರಿ! ತಗೀರಿ ಕೈ!"

ಬೆಳ್ಳನೆಯ ಪುಡಿ, ಅಂಟು, ಇರುವೆ, ಕಿಲುಬು ಎಲ್ಲಾ ಒಮ್ಮೆಲೇ ಕಣ್ಣ ಮುಂದೆ ಬಂತು. ದೀಪಾವಳಿ ಅಮಾವಾಸ್ಯೆ, ಎಳ್ಳಮಾವಾಸ್ಯೆ, ಶಿವರಾತ್ರಿ ಅಮಾವಾಸ್ಯೆ. ಮಕ್ಕಳಿಗೆ ಲೆಕ್ಕ ಕಲಿಸುವವಳಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ. ಸೆರಗಿನಿಂದಲೇ ಸೆನ್ಸರನ್ನು ಒರೆಸುತ್ತ ಬಾಯಿಗೆ ಬಂದಂತೆ ಅಂದೆ. "ಮೂರ ಸಲಾ ನಾ ದಾರ್ಯಾಗ ನಿಂತೇನ್ರಿ! ಮೂರ ಸಲಾ ಹಗ್ಗದಾಗ ಎಳಿಸಿಕೊಂಡ ಬಂದೇನಿ! ಊರ ಮಂದಿ ಎಲ್ಲಾ ನನಗ ಗಾಡಿ ಹೊಡಿಯಾಕ ಬರೂದಿಲ್ಲ ಅಂದ್ರು. ಇಲ್ಲೇ ಯಾಕ ಹಾಕತೀರಿ ನೀವು? ಇಷ್ಟ ದೊಡ್ಡ ಗಾಡ್ಯಾಗ ನಿಮಗ ಇದ ಸಿಕ್ತೇನು?"

ಅತ್ತೆ ಹೋಳನ್ನು ಹಿಡಿದುಕೊಂಡೇ ಬೆಪ್ಪಾಗಿ ನಿಂತರು. ಬೈಸಿಕೊಂಡ ಅಭ್ಯಾಸ ಅವರಿಗಿಲ್ಲ.

"ಲಿಂಗದ ಹಂಗ ಕಾಣತಿತ್ತವಾ" ಅಂದರು. "ಕರ್ರಗ, ಗುಂಡಗ. ಉಳಕಿದ್ದೆಲ್ಲಾ ಬರೇ ಕಬ್ಬಣ. ದೇವರು ಇದ್ರ ಇಲ್ಲೇ ಇದ್ದಾನು ಅಂತ ನೀರ ಎರದ್ನಿ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಾನು ನಗಲಿಲ್ಲ. "ಹಿಂದ ಮಾವಾರ ಟ್ರ್ಯಾಕ್ಟರ ಇತ್ತಲ್ಲ, ಅದಕ್ಕೂ ಹಿಂಗ ಇಂಜಿನ್ನಿನ ಮ್ಯಾಲ ಸುರೀತಿದ್ರೇನ್ರಿ?"

"ಇಲ್ಲ. ಅದಕ್ಕ ಗಾಲಿಗೆ ಒಂದ ಕಾಯಿ ಒಡದ್ರ ಮುಗೀತು. ಅವರು ಗಂಡಸರು, ದಾರ್ಯಾಗ ನಿಂತ್ರ ಹತ್ತ ಮಂದಿ ಬಂದ ನೂಕತಿದ್ರು." ಅತ್ತೆಯ ದನಿ ಸಣ್ಣಗಾಯಿತು. ಎದುರು ಮನೆಯ ಗೋಡೆಯನ್ನೇ ನೋಡುತ್ತ ಹೇಳಿದರು. "ನೀ ಒಬ್ಬಾಕಿನ ಹೋಗತಿ, ಒಬ್ಬಾಕಿನ ಬರತಿ. ಧುಪದಾಳದ ಹಂತ್ಯಾಕ ಕೆಟ್ಟ ನಿಂತ್ರ ನಿನಗ ಯಾರ ಅದಾರ? ನೀ ಬಂದ ಗಾಡಿ ಬಂದ್ ಮಾಡೂತನಕಾ ನನ್ನ ಜೀವ ಇಲ್ಲಿರೂದಿಲ್ಲ. ಗಾಲಿಗೆ ಒಡದ್ರ ಸಾಲೂದಿಲ್ಲಂತ ಒಳಗ ಎರದ್ನಿ. ಎರದಷ್ಟೂ ಕೆಟ್ಟತು. ಅದಕ್ಕ ಮಾರು ಅಂದ್ನಿ."

ಸಿಟ್ಟು ಇಳಿದಿತ್ತು ಎಂದರೆ ಸುಳ್ಳು. ಇಡೀ ಚಳಿಗಾಲ ನಾನು ಪಟ್ಟ ಅವಮಾನ ಎಲ್ಲಿಗೆ ಹೋದೀತು? ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕಲಿ? ಇಡೀ ಊರಿನಲ್ಲಿ ನನ್ನ ಕೈಕಾಲಿನ ಮೇಲೆ ತಪ್ಪು ಹೊರಿಸದೆ, ನನ್ನ ಸಲುವಾಗಿ ದೇವರ ಬೆನ್ನು ಹತ್ತಿದವರು ಇವರೊಬ್ಬರೇ. ಗಾಡಿ ಕೆಡಿಸಿದವರೂ ಇವರೇ.

ಕ್ಲಿಪ್ಪು ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ಗಾಳಿ ಊದಿ ಮತ್ತೆ ಹಾಕಿದೆ. ಮತ್ತೆ ಕೀಲಿ ತಿರುಗಿಸಿದೆ. ಕಾರು ಎದ್ದಿತು. ಅತ್ತೆ ಹಾಗೇ ನಿಂತಿದ್ದರು. ಹೋಳಿನಲ್ಲಿ ಇನ್ನೂ ಅರ್ಧ ನೀರಿತ್ತು.

"ಹಂಗಾರ ಇನ್ನ ಮ್ಯಾಲ ಎಲ್ಲಿ ಎರೀಲಿ?" ಎಂದು ಕೇಳಿದರು. ಅವರು ನಿಜವಾಗಿ ಹೆದರಿದ್ದರು. ಎಂಜಿನ್ನಿಗೆ ಎರೆಯದಿದ್ದರೆ ನನ್ನನ್ನು ಕಾಯುವವರು ಯಾರು ಎಂಬುದು ಅವರ ಹೆದರಿಕೆ.

ನಾನು ಇಳಿದು ಬಂದು ಕೈ ಚಾಚಿದೆ. "ಇಲ್ಲಿ ಕೊಡ್ರಿ. ಗಾಡಿ ಹೊಡಿಯಾಕಿ ನಾನಲ್ಲ?" ಹೋಳನ್ನು ಎತ್ತಿ ಅಷ್ಟನ್ನೂ ಗಟಗಟ ಕುಡಿದೆ. ಊದಿನಕಡ್ಡಿಯ ಬೂದಿಯೂ ಒಂದಿಷ್ಟು ಹೊಟ್ಟೆ ಸೇರಿತು.

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಮಗನ ಕಡೆ ತಿರುಗಿದರು. "ನಗೂದ ಸಾಕು. ಫೋನ್ ಹಚ್ಚ ಆ ಹುಕ್ಕೇರ್ಯಾಂವಗ. ನಾಳಿ ಬರಬ್ಯಾಡಂತ ಹೇಳು. ನನ್ನ ಸೊಸಿ ಗಾಡಿ ಮಾರೂದಿಲ್ಲ."

ಈಗ ಅಮಾವಾಸ್ಯೆ ಬಂದರೆ ಕಾಯಿ ಗಾಲಿಗೆ ಒಡೆಯುತ್ತಾರೆ. ನೀರು ಸ್ಟೀಲಿನ ಲೋಟದಲ್ಲಿ ನನಗೆ ಬರುತ್ತದೆ. ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ "ಆಮ್ಯಾಲ ಕುಡೀತೀನ್ರಿ" ಅಂದರೆ ಕೇಳುವುದಿಲ್ಲ, ತಳ ಕಾಣುವವರೆಗೂ ಎದುರಿಗೇ ನಿಂತಿರುತ್ತಾರೆ. ಹೊತ್ತಾಗುತ್ತದೆ, ನನಗೆ ರೇಗುತ್ತದೆ, ಆದರೂ ಕುಡಿಯುತ್ತೇನೆ. ಆಮೇಲೆ ಕಟ್ಟೆಗೆ ಬಂದು, ಎದುರು ಮನೆಯ ಗೋಡೆಗೆ ಹೇಳುತ್ತಾರೆ: "ಸಾವಕಾಶ ಹೋಗು."

"ಹೂಂನ್ರಿ ಅತ್ತಿ" ಎಂದು ನಾನು ಗೇರು ಹಾಕುತ್ತೇನೆ.